ಜೋರಾಗಿ ಓದಬೇಡಿ ಮೇಡಂ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಓದುಗರೊಬ್ಬರು ಒಂದು ಮಾತು ಬರೆದಿದ್ದರು. ಹೊರದೇಶಗಳಲ್ಲಿ ಚೆನ್ನಾಗಿ ಓದುವ ಮಕ್ಕಳನ್ನು ಸಹಪಾಠಿಗಳೇ ಗೇಲಿ ಮಾಡುತ್ತಾರಂತೆ. ನಮ್ಮ ಮಕ್ಕಳು ಮಾತ್ರ ಅಂಥವರನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರಂತೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. 24 ವರ್ಷ ಆಯ್ತು. ಆ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ತಲೆ ಮೇಲೆ ಹೊರುವವರು ನಾವು, ದೊಡ್ಡವರು. ಮಕ್ಕಳು ಏನು ಮಾಡುತ್ತಾರೆ ಅಂತ ತಿಳಿಯಬೇಕಾದರೆ ಬೆಲ್ ಹೊಡೆದ ಮೇಲೆ ಐದು ನಿಮಿಷ ಕಾರಿಡಾರಿನಲ್ಲಿ ನಿಂತು ನೋಡಬೇಕು.

ಎರಡು ವರ್ಷದ ಹಿಂದಿನ ಸಂಗತಿ ಹೇಳುತ್ತೇನೆ. ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಪೇಪರ್ ತಿದ್ದಿ ಮುಗಿಸಿದ್ದೆ. ನನ್ನದೊಂದು ಅಭ್ಯಾಸ ಇತ್ತು. ಕಟ್ಟನ್ನು ಅಂಕದ ಪ್ರಕಾರ ಜೋಡಿಸುತ್ತಿದ್ದೆ. ಜಾಸ್ತಿ ಬಂದದ್ದು ಮೇಲೆ, ಕಡಿಮೆ ಬಂದದ್ದು ಅಡಿಗೆ. ಕ್ಲಾಸಿನಲ್ಲಿ ಹೆಸರು ಕರೆದು, ಅಂಕ ಜೋರಾಗಿ ಓದಿ, ಒಂದೊಂದೇ ಪೇಪರ್ ಕೊಡುತ್ತಿದ್ದೆ. ನನ್ನ ಮೇಷ್ಟ್ರು ನಮಗೆ ಹಾಗೆ ಮಾಡಿದ್ದರು, ನಾನೂ ಮಾಡಿದೆ. ಯಾಕೆ ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ.

ಆ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಪ್ರತಿ ಸಲ ಕಟ್ಟಿನ ಮೇಲೆ ಇರುತ್ತಿದ್ದ ಪೇಪರ್ ಅವಳದ್ದೇ. “ಮೇಡಂ, ನನ್ನ ಮಾರ್ಕ್ಸ್ ಜೋರಾಗಿ ಓದಬೇಡಿ, ಪ್ಲೀಸ್” ಅಂದಳು. ಕಡಿಮೆ ಬಂದವರು ಹಾಗೆ ಕೇಳಿದ್ದುಂಟು. ಫಸ್ಟ್ ಬಂದವಳು ಕೇಳಿದ್ದು ಅದೇ ಮೊದಲು. ಯಾಕಮ್ಮಾ ಅಂದೆ. “ಸುಮ್ನೆ” ಅಂದಳು. ಹದಿನಾಲ್ಕರ ಮಕ್ಕಳು ಸುಮ್ನೆ ಅಂದರೆ ಅದರ ಹಿಂದೆ ಒಂದು ಮೂಟೆ ಇರುತ್ತದೆ. ನಾನು ಒತ್ತಾಯ ಮಾಡಲಿಲ್ಲ. ಆದರೆ ಅವತ್ತು ಕ್ಲಾಸಿನಲ್ಲಿ ಕಿವಿ ತೆರೆದು ನಿಂತೆ. ಅವಳ ಹೆಸರು ಕರೆದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ಕೆಮ್ಮು. ಆಮೇಲೆ ಇನ್ನೊಂದು. ಆಮೇಲೆ ಇಡೀ ಒಂದು ಸಾಲೇ ಕೆಮ್ಮಿತು. ಅವಳು ಪೇಪರ್ ತೆಗೆದುಕೊಂಡು ತಲೆ ತಗ್ಗಿಸಿ ಹೋಗಿ ಕೂತಳು. ಆಮೇಲೆ ವಿಚಾರಿಸಿದರೆ ಇದು ಆರು ತಿಂಗಳಿಂದ ನಡೆಯುತ್ತಿತ್ತಂತೆ. ನಾನು ಹವಾಮಾನದ ಕೆಮ್ಮು ಅಂದುಕೊಂಡಿದ್ದೆ!

ಓದುವ ಮಕ್ಕಳಿಗೆ ಅಡ್ಡಹೆಸರು ಇಡುವುದರಲ್ಲಿ ಯಾವ ಭಾಷೆಯೂ ಬಡವಲ್ಲ. ಕನ್ನಡದಲ್ಲಿ ಕುಡುಮಿ, ಪುಸ್ತಕದ ಹುಳು, ಟೀಚರ್ ಚಮಚಾ. ಜರ್ಮನ್ ಮಕ್ಕಳು ‘ಶ್ಟ್ರೇಬರ್’ ಅನ್ನುತ್ತಾರೆ. ಪದದ ಮೂಲ ನೋಡಿದರೆ ಪ್ರಯತ್ನ ಪಡುವವನು ಅಂತ ಅಷ್ಟೇ ಅರ್ಥ, ಆದರೆ ಶಾಲೆಯ ಅಂಗಳದಲ್ಲಿ ಅದು ಬೈಗುಳ. ಜಪಾನಿನಲ್ಲಿ ‘ಗಾರಿಬೆನ್’, ಇಂಗ್ಲೆಂಡಿನಲ್ಲಿ ‘ಸ್ವಾಟ್’, ‘ಬಾಫಿನ್’. ಅಮೆರಿಕದ ‘ನರ್ಡ್’ ಈಗ ಎಲ್ಲರಿಗೂ ಗೊತ್ತು. ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ್ದು ಇಂಗ್ಲೆಂಡಿನ ಇನ್ನೊಂದು ಪದ. ಪಾಲ್ ವಿಲಿಸ್ ಎಂಬ ಸಂಶೋಧಕ 1970ರ ದಶಕದಲ್ಲಿ ಅಲ್ಲಿನ ಒಂದು ಕೈಗಾರಿಕಾ ಊರಿನ ಕಾರ್ಮಿಕರ ಮನೆಯ ಹನ್ನೆರಡು ಹುಡುಗರ ಜೊತೆ ಓಡಾಡಿ ಅವರ ಮಾತು ಕೇಳಿಸಿಕೊಂಡ. ಟೀಚರ್ ಹೇಳಿದ್ದನ್ನು ಕೇಳುವ ಮಕ್ಕಳಿಗೆ ಆ ಹುಡುಗರು ಇಟ್ಟ ಹೆಸರು ‘ಕಿವಿತೂತು’. ಬಾಯಿ ಮಾತಾಡುತ್ತದೆ, ಕೈ ಕೆಲಸ ಮಾಡುತ್ತದೆ, ಕಿವಿ ಸುಮ್ಮನೆ ತೆರೆದುಕೊಂಡಿರುತ್ತದೆ ಅಷ್ಟೇ. ಕೇಳುವುದು ಗಂಡಸಿನ ಕೆಲಸವೇ ಅಲ್ಲ ಅನ್ನುವ ಧಾಟಿ. ಪಾಠ ಮಾಡುವವಳಾಗಿ ನನಗೆ ಇದು ಸ್ವಲ್ಪ ಚುಚ್ಚಿತು, ಅಲ್ವಾ, ನಾವು ಬದುಕುವುದೇ ಆ ಕಿವಿತೂತುಗಳನ್ನು ನಂಬಿಕೊಂಡು.

ಪತ್ರ ಬರೆದವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಇಲ್ಲ ಅನ್ನುವುದಿಲ್ಲ. ಫಸ್ಟ್ ಬಂದವರನ್ನು ನೋಡುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಆಸ್ಟ್ರೇಲಿಯಾದವರಿಗೆ ‘ಎತ್ತರದ ಗಸಗಸೆ ಗಿಡ’ ಅನ್ನುವ ಮಾತಿದೆ. ಉಳಿದವಕ್ಕಿಂತ ಎತ್ತರ ಬೆಳೆದದ್ದರ ತಲೆ ಕತ್ತರಿಸಬೇಕು ಅಂತ. ನಾರ್ವೆ, ಡೆನ್ಮಾರ್ಕ್ ಕಡೆ ‘ಯಾಂಟೆ ಕಾನೂನು’ ಅನ್ನುತ್ತಾರೆ. ಅದು ಸರ್ಕಾರದ ಕಾನೂನಲ್ಲ, 1933ರ ಒಂದು ಕಾದಂಬರಿಯಲ್ಲಿ ಬಂದದ್ದು. ನಮಗಿಂತ ನೀನು ದೊಡ್ಡವನು ಅಂದುಕೊಳ್ಳಬೇಡ ಅನ್ನುವುದು ಅದರ ಸಾರ. ಚೀನಾದಲ್ಲಿ ಗಾಳಿ ಬೇರೆ. ಅಲ್ಲಿ ಟಾಪರ್‌ಗಳಿಗೆ ‘ಶ್ವೆಬಾ’ ಅನ್ನುತ್ತಾರೆ. ಕನ್ನಡದಲ್ಲಿ ಹೇಳಬೇಕಾದರೆ ಓದಿನ ಪಾಳೇಗಾರ. ಈಗಿನ ಮಕ್ಕಳ ಬಾಯಲ್ಲಿ ಅದು ಮೆಚ್ಚುಗೆಯ ಮಾತು. ಕೇಳಲು ಚೆಂದ ಇದೆ. ಆದರೆ ಆ ಪದಕ್ಕೆ ಒಂದು ಜೋಡಿ ಇದೆ, ‘ಶ್ವೆಝಾ’. ಸೋಸಿದ ಮೇಲೆ ಉಳಿಯುವ ಗಸಿ ಅಂತ ಅರ್ಥ. ಹಿಂದೆ ಬಿದ್ದ ಮಕ್ಕಳು ತಮ್ಮನ್ನು ತಾವೇ ನಗುತ್ತಾ ಹಾಗೆ ಕರೆದುಕೊಳ್ಳುತ್ತಾರೆ. ಒಬ್ಬನನ್ನು ಪಾಳೇಗಾರ ಮಾಡಿದರೆ ಇನ್ನೊಬ್ಬ ಗಸಿ ಆಗಲೇಬೇಕಲ್ಲ. ಆದ್ದರಿಂದ ಮೆರೆಸುವ ಕಡೆ ಎಲ್ಲ ಚೆನ್ನಾಗಿದೆ ಅಂತ ತಿಳಿಯಬೇಡಿ.

ನನಗೆ ಅನ್ನಿಸುವುದು ಹೀಗೆ. ಅಡ್ಡಹೆಸರು ಯಾವುದು ಅಂತ ತೀರ್ಮಾನ ಮಾಡುವುದು ಆಯಾ ಸಂಸ್ಕೃತಿ. ಆದರೆ ಹೆಸರಿಡುವ ಹುಕಿ ಹುಟ್ಟುವುದು ಕ್ಲಾಸಿನ ವ್ಯವಸ್ಥೆಯಿಂದ. ಅಂದರೆ ಆ ಕೆಮ್ಮನ್ನು ಕಲಿಸಿದ್ದು ಹಿಂದಿನ ಬೆಂಚಿನ ಹುಡುಗರಿಗೆ ಅವರ ಅಪ್ಪ ಅಮ್ಮ ಅಲ್ಲ, ನಾನು. ನಾನು ಜೋಡಿಸಿದ ಕಟ್ಟು.

ಎಂ.ಎಡ್. ಮಾಡುವಾಗ ಜೇಮ್ಸ್ ಕೋಲ್‌ಮನ್ ಎಂಬ ಸಮಾಜಶಾಸ್ತ್ರಜ್ಞನ ಬಗ್ಗೆ ಓದಿ ನೋಟ್ಸ್ ಮಾಡಿಕೊಂಡಿದ್ದೆ. ಪರೀಕ್ಷೆಗೆ ಉರು ಹೊಡೆದು ಮರೆತೂ ಬಿಟ್ಟಿದ್ದೆ. ಆ ಹುಡುಗಿ ಬಂದು ಹೋದ ರಾತ್ರಿ ಹಳೇ ನೋಟ್‌ಬುಕ್ ತೆಗೆದೆ. ಆತ ಅಮೆರಿಕದ ಇಲಿನಾಯ್ ರಾಜ್ಯದ ಹತ್ತು ಹೈಸ್ಕೂಲುಗಳ ಮಕ್ಕಳನ್ನು ಮಾತಾಡಿಸಿ 1961ರಲ್ಲಿ ತನ್ನ ಅಧ್ಯಯನ ಪ್ರಕಟಿಸಿದ. ನಿಮ್ಮನ್ನು ಶಾಲೆಯಲ್ಲಿ ಯಾವುದಕ್ಕಾಗಿ ನೆನಪಿಟ್ಟುಕೊಳ್ಳಬೇಕು ಅಂತ ಕೇಳಿದರೆ ಹುಡುಗರು ಜಾಸ್ತಿ ಆರಿಸಿದ್ದು ಆಟಗಾರ ಆಗುವುದನ್ನು. ಬುದ್ಧಿವಂತ ವಿದ್ಯಾರ್ಥಿ ಆಮೇಲೆ. ಇದು ಎಲ್ಲರೂ ಹೇಳುವ ಭಾಗ. ಆದರೆ ಆತ ಕೊಟ್ಟ ಕಾರಣ ಇದೆಯಲ್ಲ, ಅದನ್ನು ನೋಡಿ. ಆಟಗಾರ ಗೆದ್ದರೆ ಇಡೀ ಶಾಲೆ ಗೆದ್ದ ಹಾಗೆ. ಓದುವವನು ಗೆದ್ದರೆ ಪಕ್ಕದ ಬೆಂಚಿನವನು ಸೋತ ಹಾಗೆ. ಆಟಗಾರನ ಎದುರಾಳಿ ಬೇರೆ ಶಾಲೆಯಲ್ಲಿರುತ್ತಾನೆ. ಓದುವವನ ಎದುರಾಳಿ ಅವನ ಗೆಳೆಯನೇ. ಹೀಗಿದ್ದಾಗ ಮಕ್ಕಳು ಒಟ್ಟಾಗಿ ‘ಇಷ್ಟೊಂದು ಓದಬೇಡ ಕಣೋ’ ಅಂತ ಒತ್ತಡ ಹಾಕಿದರೆ ಅದರಲ್ಲಿ ಒಂದು ಲೆಕ್ಕಾಚಾರ ಇದೆ. ಕಾರ್ಖಾನೆಯಲ್ಲಿ ಒಬ್ಬನೇ ಓಡಿ ಓಡಿ ಕೆಲಸ ಮಾಡಿದರೆ ಉಳಿದವರು ಗುರಾಯಿಸುವುದಿಲ್ಲವೇ, ಹಾಗೆ. ಪರಿಹಾರ ಅಂತ ಕೋಲ್‌ಮನ್ ಹೇಳಿದ್ದು ಓದಿನಲ್ಲೂ ಶಾಲೆ ಶಾಲೆಗಳ ನಡುವೆ ಪಂದ್ಯ ಇಡಿ ಅಂತ.

ಇದು ಸಂಸ್ಕೃತಿಯ ದೋಷ ಅಂತ ಬೆರಳು ತೋರಿಸುವುದು ಎಷ್ಟು ಸುಲಭ ಅನ್ನುವುದಕ್ಕೆ ಇನ್ನೊಂದು ಕಥೆ. 1986ರಲ್ಲಿ ಸಿಗ್ನೀಥಿಯಾ ಫೋರ್ಡಮ್, ಜಾನ್ ಒಗ್ಬು ಎಂಬ ಇಬ್ಬರು ವಾಷಿಂಗ್ಟನ್ ನಗರದ ಹೈಸ್ಕೂಲೊಂದರ ಬಗ್ಗೆ ಬರೆದರು. ಅಲ್ಲಿ ಚೆನ್ನಾಗಿ ಓದುವ ಕಪ್ಪು ಮಕ್ಕಳಿಗೆ ‘ಬಿಳಿಯರ ಹಾಗೆ ಆಡ್ತೀಯಾ’ ಅನ್ನುವ ಚುಚ್ಚುಮಾತು ಬೀಳುತ್ತಿತ್ತು. ಅಷ್ಟು ಸಿಕ್ಕಿದ್ದೇ ತಡ, ನೋಡಿ, ಅವರ ಸಂಸ್ಕೃತಿಯೇ ಹಾಗೆ ಅಂತ ಬಹಳ ಜನ ತೀರ್ಪು ಕೊಟ್ಟರು. ಆಮೇಲೆ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಲೆಕ್ಕ ಹಾಕಿದಾಗ ಗೊತ್ತಾದದ್ದು ಬೇರೆ. ಅಂಕ ಏರುತ್ತಾ ಹೋದಂತೆ ಕಪ್ಪು ಮಕ್ಕಳ ಗೆಳೆಯರು ಒಂದು ಹಂತದ ಮೇಲೆ ಕಡಿಮೆ ಆಗುವುದು ನಿಜ. ಆದರೆ ಅದು ಎದ್ದು ಕಾಣುವುದು ಕಪ್ಪು, ಬಿಳಿ ಮಕ್ಕಳು ಬೆರೆತ ಸರ್ಕಾರಿ ಶಾಲೆಗಳಲ್ಲಿ. ಹೆಚ್ಚಿನವರು ಕಪ್ಪು ಮಕ್ಕಳೇ ಇರುವ ಶಾಲೆಗಳಲ್ಲಿ ಅದು ಕಾಣಲಿಲ್ಲ. 2005ರಲ್ಲಿ ಉತ್ತರ ಕೆರೊಲಿನಾದ ಶಾಲೆಗಳನ್ನು ನೋಡಿದ ಇನ್ನೊಂದು ತಂಡವೂ ಓದಿನ ದ್ವೇಷ ಕಪ್ಪು ಮಕ್ಕಳ ಗುಣ ಅಲ್ಲ ಅಂತಲೇ ಹೇಳಿತು. ಓದುವವರನ್ನು ಕಾಡುವುದು ಬಿಳಿ ಮಕ್ಕಳಲ್ಲೂ ಇತ್ತು. ಜನಾಂಗದ ಬಣ್ಣ ಬಂದದ್ದು ಶಾಲೆ ಮಕ್ಕಳನ್ನು ಬೇರೆ ಬೇರೆ ಕೋಣೆಗೆ ಹಾಕಿದ ರೀತಿಯಿಂದ. ಬುದ್ಧಿವಂತರ ಕೋಣೆ ಅಂತ ಒಂದು ಮಾಡಿ, ಅದರ ತುಂಬ ಒಂದೇ ಬಣ್ಣದ ಮಕ್ಕಳು ಕೂತರೆ ಹೊರಗೆ ನಿಂತವರು ಏನಂದುಕೊಳ್ಳಬೇಕು?

‘ಜೋರಾಗಿ ಓದಬೇಡಿ’ ಅನ್ನುವ ಮಾತಿಗೆ ಸರಿಯಾಗಿ ಹೊಂದುವ ಒಂದು ಪ್ರಯೋಗವೂ ಇದೆ. ಲಿಯೊನಾರ್ಡೊ ಬರ್ಸ್ಟಿನ್, ರಾಬರ್ಟ್ ಜೆನ್ಸನ್ ಎಂಬ ಇಬ್ಬರು ಲಾಸ್ ಏಂಜಲಿಸ್‌ನಲ್ಲಿ ಮಾಡಿದ್ದು, 2015ರಲ್ಲಿ ಪ್ರಕಟವಾಯಿತು. ಹನ್ನೊಂದನೇ ತರಗತಿಯ ಮಕ್ಕಳಿಗೆ ಕಾಲೇಜು ಪ್ರವೇಶ ಪರೀಕ್ಷೆಯ ಉಚಿತ ತರಬೇತಿ ಬೇಕೇ ಅಂತ ಒಂದು ಫಾರಂ ಕೊಟ್ಟರು. ಕೆಲವು ಫಾರಂಗಳಲ್ಲಿ ನಿಮ್ಮ ಉತ್ತರ ಸಹಪಾಠಿಗಳಿಗೆ ಗೊತ್ತಾಗುವುದಿಲ್ಲ ಅಂತ ಇತ್ತು. ಉಳಿದವುಗಳಲ್ಲಿ ಗೊತ್ತಾಗಬಹುದು ಅನ್ನುವ ಸೂಚನೆ. ಸಾಮಾನ್ಯ ಕ್ಲಾಸುಗಳಲ್ಲಿ, ಗೊತ್ತಾಗುತ್ತದೆ ಅಂದಾಗ ಒಪ್ಪಿದವರು ನೂರಕ್ಕೆ 11ರಷ್ಟು ಕಡಿಮೆ. ಚೆನ್ನಾಗಿ ಓದುವವರಿಗೆಂದೇ ಇರುವ ಮುಂದುವರಿದ ಕ್ಲಾಸುಗಳಲ್ಲಿ ವ್ಯತ್ಯಾಸವೇ ಇಲ್ಲ. ಇನ್ನೂ ಸ್ವಾರಸ್ಯ ಎಂದರೆ, ಎರಡೂ ಬಗೆಯ ಕ್ಲಾಸಿಗೆ ಹೋಗುವ ಮಕ್ಕಳು ಇದ್ದರಲ್ಲ, ಅವರು ಕೂತ ಕೋಣೆಗೆ ತಕ್ಕ ಹಾಗೆ ಉತ್ತರ ಬದಲಾಯಿಸಿದರು. ಅದೇ ಮಗು, ಅದೇ ಮನೆ, ಅದೇ ಸಂಸ್ಕೃತಿ. ಅಕ್ಕಪಕ್ಕ ಕೂತವರು ಮಾತ್ರ ಬೇರೆ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಕಂಪ್ಯೂಟರ್ ಪಾಠದ ತೆರೆಯ ಮೇಲೆ ಮೊದಲ ಮೂವರ ಹೆಸರು ತೋರಿಸಲು ಶುರು ಮಾಡಿದ ಮೇಲೆ ಮಕ್ಕಳ ಸಾಧನೆ ಏರಲಿಲ್ಲ, ಬಿತ್ತು. ಮೊದಲು ಮುಂದಿದ್ದವರೇ ಜಾಸ್ತಿ ಹಿಂದೆ ಸರಿದರು. ಇದನ್ನು ಓದುವಾಗ ನನಗೆ ನನ್ನ ಪೇಪರ್ ಕಟ್ಟು ಕಣ್ಣ ಮುಂದೆ ಬಂತು.

ಇನ್ನು ಶ್ರಮದ ವಿಷಯ. ಹದಿಹರೆಯದವರು ಬುದ್ಧಿಯನ್ನು ದ್ವೇಷಿಸುವುದಿಲ್ಲ. ಬುದ್ಧಿಗಾಗಿ ಬೆವರು ಸುರಿಸುವುದನ್ನು ಸಹಿಸುವುದಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತರೆ ಕೇಳಿಸುವುದು ಒಂದೇ ಮಾತು, “ಏನೂ ಓದಿಲ್ಲ ಕಣೋ”. ಎಲ್ಲರೂ ಓದಿರುತ್ತಾರೆ. ಕಣ್ಣು ಕೆಂಪಾಗಿರುತ್ತದೆ. ಆದರೂ ಓದಿಲ್ಲ! ಅಬ್ರಹಾಂ ಟ್ಯಾನೆನ್‌ಬಾಮ್ ಎಂಬ ಸಂಶೋಧಕ 1962ರಲ್ಲಿ ಇದನ್ನು ಚೆನ್ನಾಗಿ ಹಿಡಿದು ತೋರಿಸಿದ. ನ್ಯೂಯಾರ್ಕ್‌ನ ಹೈಸ್ಕೂಲು ಮಕ್ಕಳ ಮುಂದೆ ಎಂಟು ಕಾಲ್ಪನಿಕ ವಿದ್ಯಾರ್ಥಿಗಳನ್ನು ಇಟ್ಟ. ಕೆಲವರು ಪ್ರತಿಭಾವಂತರು, ಕೆಲವರು ಸಾಧಾರಣ. ಕೆಲವರು ಕಷ್ಟಪಟ್ಟು ಓದುವವರು, ಕೆಲವರು ಓದದವರು. ಕೆಲವರು ಆಡುವವರು, ಕೆಲವರು ಆಡದವರು. ಮಕ್ಕಳಿಗೆ ತುಂಬಾ ಇಷ್ಟವಾದದ್ದು ಆಟವಾಡುವ, ಓದದ ಪ್ರತಿಭಾವಂತ. ಎಲ್ಲರಿಗಿಂತ ಬೇಡವಾದದ್ದು ಆಟವಾಡದ, ಕೂತು ಓದುವ ಪ್ರತಿಭಾವಂತ. ತಲೆ ಇಬ್ಬರದ್ದೂ ಒಂದೇ. ಅವತ್ತಿನ ಫಲಿತಾಂಶ ಇವತ್ತು ನನ್ನ ಕ್ಲಾಸಿನಲ್ಲಿ ಮಾಡಿದರೂ ಬದಲಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಈಗ ಹುಡುಗ, ಹುಡುಗಿ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕು ಅಂತಲೇ ಈ ಪತ್ರ ಶುರು ಮಾಡಿದ್ದು.

ಅದೇ ನೋಟ್‌ಬುಕ್ಕಿನಲ್ಲಿ ಮಟೀನಾ ಹಾರ್ನರ್ ಎಂಬ ಮನಶ್ಶಾಸ್ತ್ರಜ್ಞೆಯ ಒಂದು ಪ್ರಯೋಗ ಇತ್ತು. 1960ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಹುಡುಗಿಯರಿಗೆ ಒಂದು ಸಾಲು ಕೊಟ್ಟರು: ಮೊದಲ ಪರೀಕ್ಷೆ ಮುಗಿದ ಮೇಲೆ ಆನ್ ತನ್ನ ಮೆಡಿಕಲ್ ಕ್ಲಾಸಿಗೇ ಮೊದಲಿಗಳಾಗಿದ್ದಾಳೆ. ಇದನ್ನು ಕಥೆಯಾಗಿ ಮುಂದುವರಿಸಿ. ಹುಡುಗರಿಗೂ ಅದೇ ಸಾಲು, ಹೆಸರು ಮಾತ್ರ ಜಾನ್. ಹುಡುಗಿಯರಲ್ಲಿ ನೂರಕ್ಕೆ 65ರಷ್ಟು ಮಂದಿ ಆನ್‌ಗೆ ಏನಾದರೂ ಕೆಟ್ಟದ್ದು ಆಗುವ ಕಥೆ ಬರೆದರು. ಹುಡುಗರಲ್ಲಿ ಅಂಥ ಕಥೆ ನೂರಕ್ಕೆ ಹತ್ತಕ್ಕೂ ಕಡಿಮೆ. ಹಾರ್ನರ್ ಅದನ್ನು ಗೆಲುವಿನ ಭಯ ಅಂತ ಕರೆದರು. ಹುಡುಗಿಯರ ಒಳಗೇ ಇರುವ ಭಯ ಅಂತ. ಆದರೆ 1974ರಲ್ಲಿ ಬೇರೆಯವರು ಶಾಲಾ ಮಕ್ಕಳಿಗೆ ಇದನ್ನೇ ಕೊಟ್ಟು, ಹುಡುಗರಿಂದಲೂ ಆನ್ ಕಥೆ ಬರೆಸಿದರು. ಹುಡುಗರ ಕಥೆಗಳು ಇನ್ನೂ ಕಹಿಯಾಗಿದ್ದವು. ಹಾಗಾದರೆ ಭಯ ಅನ್ನುವುದು ಹುಡುಗಿಯ ಹೊಟ್ಟೆಯೊಳಗೆ ಹುಟ್ಟಿದ್ದಲ್ಲ, ಸುತ್ತಲಿನವರನ್ನು ನೋಡಿ ಬಂದದ್ದು.

ಐವತ್ತು ವರ್ಷದ ಹಿಂದಿನದು, ಈಗ ಕಾಲ ಬದಲಾಗಿದೆ ಅಂದುಕೊಂಡೆ. ಆದರೂ ಕುತೂಹಲ ಬಿಡಲಿಲ್ಲ. ಒಂದು ದಿನ ಬದಲಿ ಪೀರಿಯಡ್ ಸಿಕ್ಕಿತು. 46 ಮಕ್ಕಳಿದ್ದರು. ಚೀಟಿ ಹಂಚಿದೆ. ಅರ್ಧ ಚೀಟಿಗಳಲ್ಲಿ ‘ಪರೀಕ್ಷೆಯಲ್ಲಿ ಅವನು ಕ್ಲಾಸಿಗೇ ಫಸ್ಟ್ ಬಂದನು’ ಅಂತ ಇತ್ತು. ಇನ್ನರ್ಧದಲ್ಲಿ ‘ಅವಳು ಕ್ಲಾಸಿಗೇ ಫಸ್ಟ್ ಬಂದಳು’. ಮುಂದೇನಾಯಿತು, ನಾಲ್ಕೈದು ಸಾಲು ಬರೆಯಿರಿ, ಹೆಸರು ಬೇಡ ಅಂದೆ. ಬಂದನು, ಬಂದಳು. ಕನ್ನಡದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಇದೇನೂ ಸಂಶೋಧನೆ ಅಲ್ಲ, ಒಬ್ಬ ಟೀಚರಳ ಚಪಲ ಅಷ್ಟೇ ಅಂತ ಮೊದಲೇ ಹೇಳಿಬಿಡುತ್ತೇನೆ.

‘ಅವನು’ ಚೀಟಿಗಳಲ್ಲಿ ಬಹುಪಾಲು ಹಬ್ಬ. ಅಪ್ಪ ಸೈಕಲ್ ಕೊಡಿಸಿದರು. ಗೆಳೆಯರೆಲ್ಲ ಹೆಗಲ ಮೇಲೆ ಎತ್ತಿಕೊಂಡರು. ಅವನು ದಿನಾ ಆಟವಾಡುತ್ತಿದ್ದ, ಆದರೂ ಫಸ್ಟ್ ಬಂದ, ಯಾಕೆಂದರೆ ಅವನಿಗೆ ತಲೆ ಇತ್ತು. ‘ಅವಳು’ ಚೀಟಿಗಳನ್ನು ಓದುತ್ತಾ ಹೋದಂತೆ ನನ್ನ ಮುಖ ಸಣ್ಣದಾಯಿತು. ಅವಳಿಗೆ ಜಂಭ ಬಂತು. ಅವಳ ಗೆಳತಿಯರು ಮಾತು ಬಿಟ್ಟರು. ಅವಳು ಒಬ್ಬಳೇ ಕೂತು ಊಟ ಮಾಡುತ್ತಾಳೆ. ಅವಳು ರಾತ್ರಿ ಎರಡು ಗಂಟೆವರೆಗೆ ಓದುತ್ತಿದ್ದಳು, ಕಣ್ಣು ಹೋಯಿತು. ಒಬ್ಬ ಮಹಾಶಯ ಅವಳಿಗೆ ಮುಂದಿನ ಪರೀಕ್ಷೆಯ ಹಿಂದಿನ ದಿನ ಟೈಫಾಯ್ಡ್ ಬರಿಸಿದ್ದ. ಇನ್ನೊಂದು ಚೀಟಿಯಲ್ಲಿ ಅವಳು ಕಾಪಿ ಹೊಡೆದಿದ್ದಳು, ಸಿಕ್ಕಿಬಿದ್ದಳು. ಒಳ್ಳೆಯ ಕಥೆಗಳೂ ಇದ್ದವು, ಇಲ್ಲ ಅಂತಲ್ಲ. ಅವಳು ಡಾಕ್ಟರಾಗಿ ಊರಿಗೆ ಆಸ್ಪತ್ರೆ ಕಟ್ಟಿಸಿದಳು ಅಂತ ಒಂದು. ಗೆಳತಿಯರಿಗೆಲ್ಲ ಲೆಕ್ಕ ಹೇಳಿಕೊಟ್ಟಳು, ಮುಂದಿನ ಸಲ ಎಲ್ಲರೂ ಫಸ್ಟ್ ಅಂತ ಇನ್ನೊಂದು. ಎಲ್ಲರೂ ಫಸ್ಟ್ ಬರುವುದು ಹೇಗೆ ಅಂತ ಗಣಿತದವಳಾಗಿ ಕೇಳಬಾರದು, ಬಿಡಿ.

ಒಂದು ಚೀಟಿಯಲ್ಲಿ ಎರಡೇ ಸಾಲು ಇತ್ತು. ‘ಮುಂದಿನ ಪರೀಕ್ಷೆಯಲ್ಲಿ ಅವಳು ಬೇಕಂತಲೇ ಎರಡು ಲೆಕ್ಕ ಬಿಟ್ಟಳು. ಆಗ ಎಲ್ಲ ಸರಿ ಹೋಯಿತು.’ ಹೆಸರು ಇರಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿಯ ಕೈಬರಹ ನನಗೆ ಗೊತ್ತಿಲ್ಲದೆ ಇರುತ್ತದೆಯೇ? ‘ಳ’ದ ಬಾಲವನ್ನು ಅಷ್ಟು ಉದ್ದ ಎಳೆಯುವವರು ಆ ಕ್ಲಾಸಿನಲ್ಲಿ ಒಬ್ಬಳೇ. ಹಿಂದಿನ ತಿಂಗಳ ಪೇಪರ್ ತೆಗೆದು ನೋಡಿದೆ. ಎರಡು ಲೆಕ್ಕ ಖಾಲಿ ಬಿಟ್ಟಿದ್ದಳು. ಸಮಯ ಸಾಲಲಿಲ್ಲವೇನೋ ಅಂತ ಆಗ ನಾನೇ ಸಮಾಧಾನ ಹೇಳಿದ್ದೆ.

ಆಮೇಲೆ ನನ್ನ ಮೇಲೇ ಅನುಮಾನ ಬಂತು. ಕಪಾಟಿನಲ್ಲಿದ್ದ ಹಳೇ ಪ್ರಗತಿಪತ್ರದ ಪ್ರತಿಗಳನ್ನು ತೆಗೆದು, ಚೆನ್ನಾಗಿ ಓದುವ ಮಕ್ಕಳ ಬಗ್ಗೆ ನಾನೇ ಬರೆದ ಷರಾ ನೋಡುತ್ತಾ ಹೋದೆ. ಹುಡುಗರಿಗೆ: ಚುರುಕು ಬುದ್ಧಿ. ಒಳ್ಳೆಯ ಪ್ರತಿಭೆ, ಇನ್ನಷ್ಟು ಗಮನ ಕೊಟ್ಟರೆ ಎಲ್ಲಿಗೋ ಹೋಗುತ್ತಾನೆ. ಹುಡುಗಿಯರಿಗೆ: ಅಚ್ಚುಕಟ್ಟು. ಶ್ರಮಜೀವಿ. ಬರವಣಿಗೆ ಮುದ್ದಾಗಿದೆ. ಅಂಕ ಒಂದೇ, ಕೆಲವು ಕಡೆ ಹುಡುಗಿಯದೇ ಜಾಸ್ತಿ. ಅವನಿಗೆ ತಲೆ, ಅವಳಿಗೆ ಬೆವರು. ನಾನೂ ಹೆಣ್ಣು, ನಾನೂ ಗಣಿತದಲ್ಲಿ ಫಸ್ಟ್ ಬಂದವಳು, ಆದರೂ ಇದನ್ನು ಬರೆದ ಕೈ ನನ್ನದೇ. ಶ್ರಮಪಡುವುದೇ ಮರ್ಯಾದೆಗೇಡು ಅಂದುಕೊಳ್ಳುವ ವಯಸ್ಸಿನ ಮಕ್ಕಳ ನಡುವೆ ಹುಡುಗಿಗೆ ‘ಶ್ರಮಜೀವಿ’ ಅನ್ನುವ ಮುದ್ರೆ ಒತ್ತಿ ಕಳಿಸಿದರೆ ಅದು ಹೊಗಳಿಕೆಯಾಗುತ್ತದೆಯೇ? ಮಕ್ಕಳು ‘ಕುಡುಮಿ’ ಅನ್ನುತ್ತಾರೆ, ನಾನು ಅದನ್ನೇ ಸಭ್ಯ ಕನ್ನಡದಲ್ಲಿ ಬರೆದಿದ್ದೆ.

ಇದು ಎಷ್ಟು ಬೇಗ ಶುರುವಾಗುತ್ತದೆ ಅಂದರೆ ಹದಿಹರೆಯದವರೆಗೆ ಕಾಯುವುದೇ ಇಲ್ಲ. 2017ರಲ್ಲಿ ಲಿನ್ ಬಿಯಾನ್ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಕಾರ, ಅಮೆರಿಕದ ಐದು ವರ್ಷದ ಮಕ್ಕಳಿಗೆ ‘ತುಂಬಾ ತುಂಬಾ ಜಾಣ’ ಯಾರು ಅಂತ ಕೇಳಿದರೆ ಹುಡುಗರು ಗಂಡಸನ್ನೂ ಹುಡುಗಿಯರು ಹೆಂಗಸನ್ನೂ ತೋರಿಸುತ್ತಾರೆ. ಆರಕ್ಕೆ ಬರುವಷ್ಟರಲ್ಲಿ ಹುಡುಗಿಯರು ತಮ್ಮವರನ್ನು ತೋರಿಸುವುದು ಕಡಿಮೆ ಆಗುತ್ತದೆ. ತಮಾಷೆ ಏನು ಗೊತ್ತಾ? ಶಾಲೆಯಲ್ಲಿ ಒಳ್ಳೆ ಅಂಕ ಯಾರು ತೆಗೆಯುತ್ತಾರೆ ಅಂದರೆ ಆ ಹುಡುಗಿಯರು ಹುಡುಗಿಯರನ್ನೇ ತೋರಿಸುತ್ತಾರೆ. ಅಂಕ ಬರುತ್ತದೆ, ಆದರೆ ಜಾಣತನದ ಲೆಕ್ಕಕ್ಕೆ ಸೇರುವುದಿಲ್ಲ.

ಹುಡುಗರಿಗೆ ಎಲ್ಲ ಸುಖ ಅಂತಲೂ ಅಲ್ಲ. ಆಟಕ್ಕೆ ಹೋಗದೆ ಕೂತು ಓದುವ ಹುಡುಗನ ಪಾಡು ನಾನು ನೋಡಿದ್ದೇನೆ. ಅವನನ್ನು ಹೆಣ್ಣಿಗ ಅನ್ನುತ್ತಾರೆ. ಅಲ್ಲಿಗೆ ಒಂದೇ ಕಲ್ಲಿಗೆ ಇಬ್ಬರಿಗೂ ಪೆಟ್ಟು, ಓದುವ ಹುಡುಗನಿಗೂ, ಸುಮ್ಮನೆ ಹೆಣ್ಣಾಗಿ ಹುಟ್ಟಿದವರಿಗೂ. ಇಂಥ ಹುಡುಗರು ಬಚಾವಾಗಲು ಒಂದು ಉಪಾಯ ಮಾಡುತ್ತಾರೆ. ಜೋಕ್ ಹೊಡೆಯಲು ಕಲಿಯುತ್ತಾರೆ, ಟೀಚರಿಗೆ ಎದುರು ಮಾತಾಡುತ್ತಾರೆ, ಓದಿದ್ದನ್ನು ಬಚ್ಚಿಡುತ್ತಾರೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಬೇಕಂತಲೇ ಹೋಂವರ್ಕ್ ಮಾಡದೆ ಬಂದು ಹೊರಗೆ ನಿಲ್ಲುತ್ತಿದ್ದ. ವರ್ಷಗಳ ನಂತರ ಸಿಕ್ಕಾಗ ಹೇಳಿದ, ಮನೆಯಲ್ಲಿ ಬೇರೆ ಪುಸ್ತಕದಲ್ಲಿ ಅಷ್ಟನ್ನೂ ಮಾಡಿಟ್ಟಿರುತ್ತಿದ್ದನಂತೆ.

ನಾನು ಏನು ಬದಲಾಯಿಸಿದೆ ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. ಕಟ್ಟು ಜೋಡಿಸುವುದು ಬಿಟ್ಟೆ. ಅಂಕ ಒಳಪುಟದಲ್ಲಿ ಬರೆದು, ಪೇಪರ್ ಮಡಚಿ ಕೊಡುತ್ತೇನೆ. ಹಾಗಂತ ಗುಟ್ಟು ಉಳಿಯುವುದಿಲ್ಲ, ಎರಡು ನಿಮಿಷದಲ್ಲಿ “ನಿಂಗೆಷ್ಟು? ನಿಂಗೆಷ್ಟು?” ಶುರು. ಆದರೆ ಹೇಳುವುದೋ ಬಿಡುವುದೋ ಈಗ ಅವರವರ ಇಷ್ಟ. ಕೋಲ್‌ಮನ್ ಹೇಳಿದ ಹಾಗೆ ಪಕ್ಕದ ಸೆಕ್ಷನ್ ಜೊತೆ ತಿಂಗಳಿಗೊಂದು ಲೆಕ್ಕದ ಪಂದ್ಯ ಇಟ್ಟೆವು. ಮೊದಲ ಪಂದ್ಯದಲ್ಲಿ ಸೋತೆವು. ಎರಡನೆಯದಕ್ಕೆ ಹಿಂದಿನ ಬೆಂಚಿನವರೇ ಬಂದು, ಕೊನೆಯ ಸುತ್ತಿಗೆ ಅವಳನ್ನೇ ಕಳಿಸಿ ಮೇಡಂ ಅಂದರು. ಕೆಮ್ಮಿದವರೇ! ಪಂದ್ಯದಿಂದ ಎಲ್ಲ ಸರಿ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಪಂದ್ಯದಲ್ಲಿ ಲೆಕ್ಕ ತಪ್ಪು ಮಾಡಿದ ಒಬ್ಬ ಹುಡುಗನನ್ನು ಒಂದು ವಾರ ಕಾಡಿದರು. ಅದಕ್ಕೆ ಈಗ ಮೂವರು ಕೂತು ಒಂದೇ ಉತ್ತರ ಕೊಡುವ ಹಾಗೆ ಮಾಡಿದ್ದೇವೆ. ತಪ್ಪಾದರೆ ಮೂವರಿಗೂ ಸಮಪಾಲು.

ಮರ್ಯಮ್ ಮಿರ್ಜಾಖಾನಿ ಕಥೆಯನ್ನೂ ಕ್ಲಾಸಿನಲ್ಲಿ ಹೇಳಿದೆ. ಗಣಿತದ ಫೀಲ್ಡ್ಸ್ ಪದಕ 1936ರಿಂದ ಕೊಡುತ್ತಿದ್ದಾರೆ. ಅದು ಮೊದಲ ಸಲ ಒಬ್ಬ ಹೆಣ್ಣಿಗೆ ಸಿಕ್ಕಿದ್ದು 2014ರಲ್ಲಿ, ಇರಾನಿನ ಈ ಮರ್ಯಮ್‌ಗೆ. ಎರಡನೆಯದು 2022ರಲ್ಲಿ ಉಕ್ರೇನಿನ ಮರೀನಾ ವಿಯಜೋವ್ಸ್ಕಾಗೆ. ಮಕ್ಕಳಿಗೆ ಹಿಡಿಸಿದ್ದು ಪದಕ ಅಲ್ಲ. ಟೆಹ್ರಾನಿನ ಶಾಲೆಯಲ್ಲಿದ್ದಾಗ ಮರ್ಯಮ್ ಒಂದು ವರ್ಷ ಗಣಿತದಲ್ಲಿ ಹಿಂದೆ ಬಿದ್ದಿದ್ದಳು, ಟೀಚರಿಗೆ ಅವಳಲ್ಲಿ ವಿಶೇಷ ಏನೂ ಕಂಡಿರಲಿಲ್ಲ. ಅದನ್ನು ಕೇಳಿ ಹಿಂದಿನ ಬೆಂಚಿಗೆ ಖುಷಿಯೋ ಖುಷಿ. ಅವಳ ಪಕ್ಕದಲ್ಲಿ ಯಾವಾಗಲೂ ರೋಯಾ ಬೆಹೆಶ್ತಿ ಎಂಬ ಗೆಳತಿ ಇದ್ದಳು, ಇಬ್ಬರೂ ಸೇರಿ ಲೆಕ್ಕಗಳ ಬೆನ್ನು ಹತ್ತುತ್ತಿದ್ದರು, ರೋಯಾ ಕೂಡ ಮುಂದೆ ಗಣಿತದ ಪ್ರೊಫೆಸರ್ ಆದಳು ಅಂತ ಹೇಳಿದಾಗ ನಮ್ಮ ಹುಡುಗಿ ಮೊದಲ ಸಲ ತಲೆ ಎತ್ತಿ ನೋಡಿದಳು.

ಸಂಪಾದಕರೇ, ನಿಮ್ಮಲ್ಲಿ ಒಂದು ಸಣ್ಣ ಕೇಳಿಕೆ. ಫಲಿತಾಂಶ ಬಂದಾಗ ಟಾಪರ್‌ಗಳನ್ನು ನಿಮ್ಮ ವರದಿಗಾರರು ಮಾತಾಡಿಸುತ್ತಾರಲ್ಲ, ಆಗ ‘ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಆ ಉತ್ತರವನ್ನು ಮರುದಿನ ಎಷ್ಟೋ ಮನೆಗಳಲ್ಲಿ ಬೇರೆ ಮಕ್ಕಳ ತಲೆಗೆ ಕುಟ್ಟುತ್ತಾರೆ. ಕುಟ್ಟಿಸಿಕೊಂಡ ಮಗು ಶಾಲೆಗೆ ಬಂದು ತನ್ನ ಕ್ಲಾಸಿನ ಟಾಪರ್ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ. ಯಾವ ಲೆಕ್ಕ ಬಿಡಿಸುವಾಗ ಮಜಾ ಬಂತು, ಯಾವುದು ಕೊನೆಗೂ ಅರ್ಥ ಆಗಲಿಲ್ಲ ಅಂತ ಕೇಳಿ ನೋಡಿ. ಹುಡುಗನಿಗೂ ಹುಡುಗಿಗೂ ಅದೇ ಪ್ರಶ್ನೆ ಕೇಳಿ.

ಆ ಹುಡುಗಿ ಈಗ ಹತ್ತನೇ ತರಗತಿ ಮುಗಿಸಿ ಹೋದಳು. ಹೋಗುವ ಮೊದಲಿನ ಕೊನೆಯ ಕಿರುಪರೀಕ್ಷೆಯ ಪೇಪರನ್ನು ಎಲ್ಲರದ್ದರಂತೆ ಮಡಚಿ ಕೊಟ್ಟೆ. ಬಿಡಿಸಿ ನೋಡಿದಳು. ಎದ್ದು ನಿಂತಳು. “ಮೇಡಂ, ಏಳನೇ ಲೆಕ್ಕದಲ್ಲಿ ಹಂತ ಎಲ್ಲ ಸರಿ ಇದೆ, ಅರ್ಧ ಮಾರ್ಕ್ಸ್ ಕಟ್ ಮಾಡಿದ್ದೀರಿ” ಅಂತ ಇಡೀ ಕ್ಲಾಸಿಗೆ ಕೇಳುವ ಹಾಗೆ ಅಂದಳು. ಹಿಂದಿನಿಂದ ಯಾರೋ ಒಬ್ಬರು ಕೆಮ್ಮಿದರು. ಅವಳು ತಿರುಗಲಿಲ್ಲ, ಪೇಪರ್ ಹಿಡಿದು ಮೇಜಿನ ಹತ್ತಿರವೇ ಬಂದಳು. ನೋಡಿದೆ. ತಪ್ಪು ನನ್ನದೇ ಇತ್ತು. ಅರ್ಧ ಅಂಕ ಕೊಟ್ಟೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ

(ಹೆಸರು, ಊರು ಹಾಕಬೇಡಿ. ಹಾಕಿದರೆ ಆ ಕ್ಲಾಸಿನವರು ಚೀಟಿ ಯಾರದ್ದು ಅಂತ ಹುಡುಕಲು ಶುರು ಮಾಡುತ್ತಾರೆ.)